ಅರವತ್ತೊಂದರ ಹಠ

(ಒಬ್ಬರು ನಿವೃತ್ತ ಗಣಿತ ಮೇಷ್ಟ್ರು. ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿ, ಈಗ ಆಡಿಟರ್. ಆದಾಯ ತೆರಿಗೆಯ ಕಾಗದಕ್ಕೆ ಮೇಷ್ಟ್ರ ಸಹಿ ಹಾಕಿಸಿಕೊಳ್ಳಲು ಮನೆಗೆ ಬಂದಿದ್ದಾರೆ. ಮೇಜಿನ ಮೇಲೆ ಒಂದು ಹಾಳೆ, ಅದರಲ್ಲಿ ಹತ್ತಂಕಿಯ ಒಂದು ಸಂಖ್ಯೆ.)

ಆಡಿಟರ್: ಇದೇನ್ ಸಾರ್, 176 ಕೋಟಿ 63 ಲಕ್ಷ 19 ಸಾವಿರದ 49! ಪಿಂಚಣಿ ಬಿಟ್ಟರೆ ಬೇರೆ ಆದಾಯ ಇಲ್ಲ ಅಂತ ಈಗ ತಾನೇ ಸಹಿ ಹಾಕಿದಿರಿ.

ಮೇಷ್ಟ್ರು: ಹತ್ತಂಕಿ ಕಂಡರೆ ಸಾಕು, ನಿನಗೆ ರೂಪಾಯಿಯೇ ಕಾಣೋದು. ಅದು ದುಡ್ಡಲ್ಲ ಕಣಯ್ಯ, ಒಂದು ಲೆಕ್ಕದ ಉತ್ತರ. 1766319049. ಭಾಸ್ಕರಾಚಾರ್ಯರು 1150ರಲ್ಲಿ ತಮ್ಮ ಬೀಜಗಣಿತದಲ್ಲಿ ಬಿಡಿಸಿ ತೋರಿಸಿದ್ದು.

ಆಡಿಟರ್: ಲೆಕ್ಕ ಏನು?

ಮೇಷ್ಟ್ರು: ಒಂದು ಪೂರ್ಣಾಂಕ ತಗೋ. ಅದರ ವರ್ಗ ಮಾಡಿ 61ರಿಂದ ಗುಣಿಸು. 1 ಕೂಡು. ಬಂದದ್ದು ಮತ್ತೆ ಪೂರ್ಣವರ್ಗವೇ ಆಗಿರಬೇಕು. ಯಾವ ಪೂರ್ಣಾಂಕ ತಗೊಂಡರೆ ಹಾಗಾಗುತ್ತೆ?

ಆಡಿಟರ್: ಸೊನ್ನೆ ತಗೊಂಡರೆ 1 ಬರುತ್ತೆ, ಮುಗೀತು.

ಮೇಷ್ಟ್ರು: ತೆರಿಗೆ ತಪ್ಪಿಸೋ ಬುದ್ಧಿ ಇಲ್ಲೂ ಬೇಡ. ಸೊನ್ನೆ ಲೆಕ್ಕಕ್ಕಿಲ್ಲ.

ಆಡಿಟರ್: ಹಾಗಾದರೆ 1 ಹಾಕಿದರೆ 62, ಆಗಲಿಲ್ಲ. 2ಕ್ಕೆ 245. 3ಕ್ಕೆ 550. 4ಕ್ಕೆ 977. ಹೀಗೇ ಹೋಗ್ತಾ ಇದ್ದರೆ ಎಲ್ಲಾದರೂ ಸಿಗಬೇಕಲ್ಲ?

ಮೇಷ್ಟ್ರು: ಸಿಗುತ್ತೆ. ಸೆಕೆಂಡಿಗೊಂದರಂತೆ ಹಗಲೂ ರಾತ್ರಿ ಪರೀಕ್ಷೆ ಮಾಡಿದರೆ ಏಳು ವರ್ಷ ಕಳೆದ ಮೇಲೆ ಸಿಗುತ್ತೆ. ಆ ಪೂರ್ಣಾಂಕ 226153980. ಅದಕ್ಕಿಂತ ಚಿಕ್ಕದು ಒಂದೂ ಇಲ್ಲ. ಅದರ ವರ್ಗವನ್ನು 61ರಿಂದ ಗುಣಿಸಿದರೆ 3119882982860264400. ನಿನ್ನ 176 ಕೋಟಿ ಚಿಲ್ಲರೆಯ ವರ್ಗ ಮಾಡಿದರೆ 3119882982860264401.

ಆಡಿಟರ್: ಹತ್ತೊಂಬತ್ತು ಅಂಕಿ ಎರಡು ಕಡೆ, ಕೊನೆಗೆ ಒಂದು ರೂಪಾಯಿ ವ್ಯತ್ಯಾಸ! ನಮ್ಮ ಆಫೀಸಲ್ಲಿ ಟ್ರಯಲ್ ಬ್ಯಾಲೆನ್ಸ್ ಒಂದು ರೂಪಾಯಿ ತಾಳೆ ಆಗದಿದ್ದರೆ ಹುಡುಗರು ರಾತ್ರಿಯೆಲ್ಲ ಕೂತು ಹುಡುಕ್ತಾರೆ. ನಿಮ್ಮವರು ಆ ಒಂದು ರೂಪಾಯಿ ಬರಲಿ ಅಂತ ಹುಡುಕಿದ್ದಾರೆ. ಇರಿ, ಲ್ಯಾಪ್‌ಟಾಪಲ್ಲಿ ನೋಡ್ತೀನಿ... ಸಾರ್, ಸ್ಪ್ರೆಡ್‌ಶೀಟ್‌ನಲ್ಲಿ ವ್ಯತ್ಯಾಸ ಸೊನ್ನೆ ತೋರಿಸ್ತಿದೆ. ತಾಳೆ ಆಯ್ತು.

ಮೇಷ್ಟ್ರು: ತಾಳೆ ಆದರೆ ಅನರ್ಥ. ವ್ಯತ್ಯಾಸ ಸೊನ್ನೆ ಅಂದರೆ 61ರ ವರ್ಗಮೂಲ ಎರಡು ಪೂರ್ಣಾಂಕಗಳ ಭಿನ್ನರಾಶಿ ಅಂತ ಆಯ್ತು. ಅದು ಆಗೋ ಮಾತೇ ಅಲ್ಲ, 61 ಪೂರ್ಣವರ್ಗ ಅಲ್ಲವಲ್ಲ. ನಿನ್ನ ಸ್ಪ್ರೆಡ್‌ಶೀಟ್ ಹದಿನೈದು ಅಂಕಿಯವರೆಗೆ ಮಾತ್ರ ನಂಬಿಕಸ್ಥ, ಆಮೇಲಿನದನ್ನು ದುಂಡಗೆ ಮಾಡಿಬಿಡುತ್ತೆ. ಇಲ್ಲಿ ಇರೋ ಕಥೆಯೆಲ್ಲ ಹತ್ತೊಂಬತ್ತನೇ ಅಂಕಿಯಲ್ಲಿ. ಪೆನ್ಸಿಲ್ ತಗೊಂಡು ಗುಣಿಸು, ಆ ಒಂದು ಕಾಣುತ್ತೆ.

ಆಡಿಟರ್: ಆಮೇಲೆ ಗುಣಿಸ್ತೀನಿ. ಮೊದಲು ಇದು ಹೇಳಿ: 61ಕ್ಕೆ ಇಷ್ಟು ದೊಡ್ಡ ಉತ್ತರ ಅಂದರೆ 62ಕ್ಕೆ ಇನ್ನೂ ದೊಡ್ಡದಿರಬೇಕು?

ಮೇಷ್ಟ್ರು: 62ಕ್ಕೆ 8.

ಆಡಿಟರ್: ಎಂಟು ಕೋಟಿಯಾ?

ಮೇಷ್ಟ್ರು: ಬರೀ 8. ಎಂಟರ ವರ್ಗ 64, 62ರಿಂದ ಗುಣಿಸಿದರೆ 3968, 1 ಕೂಡಿದರೆ 3969. ಅದು 63ರ ವರ್ಗ. ಈ ಕಡೆ 60ಕ್ಕೆ ಉತ್ತರ 4: ಹದಿನಾರು ಅರವತ್ತಲ 960, ಒಂದು ಸೇರಿದರೆ 961, ಅಂದರೆ 31ರ ವರ್ಗ. 63ಕ್ಕಂತೂ ಉತ್ತರ 1. ಎರಡೂ ಮಗ್ಗುಲಿನವರು ಒಂದಂಕಿಯಲ್ಲಿ ಮುಗಿಸಿದರು, ನಡುವಿನ 61 ಒಂಬತ್ತಂಕಿ ಕೇಳ್ತು. 100ರ ಒಳಗೆ ಇಷ್ಟು ದೊಡ್ಡ ಉತ್ತರ ಬೇಡೋದು ಇನ್ನೊಂದಿಲ್ಲ.

ಆಡಿಟರ್: ಕಾರಣ?

ಮೇಷ್ಟ್ರು: ಅರ್ಧ ಕಾರಣ ಹೇಳಬಹುದು. 64ನ್ನು, ಅಂದರೆ 8ರ ವರ್ಗವನ್ನು ಇಟ್ಟುಕೊಂಡು ನೋಡು. 63, 62, 60 ಅದಕ್ಕಿಂತ ಕ್ರಮವಾಗಿ 1, 2, 4 ಕಡಿಮೆ. 8ರ ಇಮ್ಮಡಿ 16. ಕೊರತೆ ಈ 16ನ್ನು ನಿಶ್ಶೇಷವಾಗಿ ಭಾಗಿಸಿದರೆ ಕೆಲಸ ಒಂದೇ ಗುಟುಕಿಗೆ ಆಗಿಬಿಡುತ್ತೆ. 61ರ ಕೊರತೆ 3. ಹದಿನಾರನ್ನು ಮೂರು ಭಾಗಿಸಲ್ಲ. ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ಉಳಿದರ್ಧ, ಅಂದರೆ ಸಿಕ್ಕಿಕೊಂಡದ್ದು ಇಷ್ಟು ದೂರ ಯಾಕೆ ಎಳೀತು ಅನ್ನೋದಕ್ಕೆ ಸುಲಭದ ಸೂತ್ರ ಇಲ್ಲ. ಸಂಖ್ಯೆಯ ಮುಖ ನೋಡಿ ಉತ್ತರದ ಉದ್ದ ಹೇಳೋಕಾಗಲ್ಲ.

ಆಡಿಟರ್: ಭಾಸ್ಕರರಿಗೆ ಇದು ಕಷ್ಟದ ಸಂಖ್ಯೆ ಅಂತ ಗೊತ್ತಿತ್ತೋ, ಸುಮ್ಮನೆ ಸಿಕ್ಕಿದ್ದೋ?

ಮೇಷ್ಟ್ರು: ಅಲ್ಲಿ ಅವರು ಕೊಟ್ಟ ಉದಾಹರಣೆಗಳು 67 ಮತ್ತು 61. 67ಕ್ಕೆ ಉತ್ತರ 5967, ಅದೇನೂ ಸಣ್ಣದಲ್ಲ. ಆರಿಸಿಯೇ ಕೊಟ್ಟಿದ್ದಾರೆ ಅಂತ ನನ್ನ ಎಣಿಕೆ. ಇನ್ನೊಂದು ಕೇಳು. 507 ವರ್ಷ ಆದಮೇಲೆ, 1657ರಲ್ಲಿ, ಫ್ರಾನ್ಸಿನ ಫರ್ಮಾ ಇದೇ ಬಗೆಯ ಲೆಕ್ಕವನ್ನು ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಎಸೆದ. ಫ್ರೆನಿಕಲ್ ಅನ್ನೋ ಗೆಳೆಯನಿಗೆ ಪತ್ರ ಬರೆದು, ನಿನಗೆ ಹೆಚ್ಚು ತೊಂದರೆ ಬೇಡ ಅನ್ನೋ ಧಾಟಿಯಲ್ಲಿ ಎರಡು ಚಿಕ್ಕ ಸಂಖ್ಯೆ ಕೊಟ್ಟ: 61 ಮತ್ತು 109.

ಆಡಿಟರ್: ಅದೇ 61!

ಮೇಷ್ಟ್ರು: ಅದೇ. ಫರ್ಮಾನ ಕೈಗೆ ಭಾಸ್ಕರರ ಪುಸ್ತಕ ಸಿಕ್ಕಿರಲಿಲ್ಲ. ಕೋಲ್‌ಬ್ರೂಕ್ ಅದನ್ನು ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ್ದು 1817ರಲ್ಲಿ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಅದೇ ಸಂಖ್ಯೆಗೆ ಬಂದರು ಅಂದರೆ ಸಂಖ್ಯೆಯಲ್ಲೇ ಏನೋ ಇದೆ. ಫರ್ಮಾನ ತುಂಟತನ ಇನ್ನೂ ಮೇಲು. 1ರಿಂದ ಮೇಲಕ್ಕೆ ಹೋಗ್ತಾ, ಹಿಂದಿನ ಎಲ್ಲಕ್ಕಿಂತ ದೊಡ್ಡ ಉತ್ತರ ಕೊಡೋ ಸಂಖ್ಯೆಗಳನ್ನು ಗುರುತು ಹಾಕು. 53 ಒಂದು, ಆಮೇಲೆ 61, ಅದರ ನಂತರದ್ದೇ 109. ತೊಂದರೆ ಬೇಡ ಅಂತ ಹೇಳಿ ಕೊಟ್ಟದ್ದು ಸಾಲಾಗಿ ಎರಡು ದಾಖಲೆ ವೀರರನ್ನು.

ಆಡಿಟರ್: ಸರಿ. 1150ರಲ್ಲಿ ಇದನ್ನು ಬಿಡಿಸಿದ್ದು ಹೇಗೆ? ಕಡತಗಟ್ಟಲೆ ಗುಣಾಕಾರ ಮಾಡಿರಬೇಕು.

ಮೇಷ್ಟ್ರು: ಒಂದು ಪೋಸ್ಟ್‌ಕಾರ್ಡಿನ ಬೆನ್ನಿಗೆ ಹಿಡಿಸುತ್ತೆ. ಹಾಳೆ ಈ ಕಡೆ ತಳ್ಳು. ಮೂರು ಹೆಸರು ನೆನಪಿಡು. ನಾವು ವರ್ಗ ಮಾಡಿ 61ರಿಂದ ಗುಣಿಸೋದು ಕನಿಷ್ಠ. ಆ ಕಡೆ ಬರೋ ವರ್ಗದ ಮೂಲ ಜ್ಯೇಷ್ಠ. ಆ ವರ್ಗಕ್ಕೂ 61ರಿಂದ ಗುಣಿಸಿ ಬಂದದ್ದಕ್ಕೂ ಇರೋ ವ್ಯತ್ಯಾಸ ಕ್ಷೇಪ. ನಮಗೆ ಬೇಕಾದ ಕ್ಷೇಪ 1. ಮೊದಲೇ 1 ಬೇಕು ಅಂತ ಹಟ ಹಿಡಿಯಬಾರದು, ಕೈಗೆ ಸಿಕ್ಕಿದ್ದರಿಂದ ಶುರು ಮಾಡಬೇಕು. ಕನಿಷ್ಠ 1 ಅಂತಿಟ್ಟುಕೋ. 61ಕ್ಕೆ ಹತ್ತಿರದ ವರ್ಗ 64, ಹಾಗಾಗಿ ಜ್ಯೇಷ್ಠ 8, ಕ್ಷೇಪ 3.

ಆಡಿಟರ್: ಮೂರನ್ನು ಒಂದಕ್ಕೆ ಇಳಿಸಬೇಕು.

ಮೇಷ್ಟ್ರು: ಇಳಿಸೋಕೆ ಒಂದು ಗುಣಕ ಹುಡುಕಬೇಕು. ಅದಕ್ಕೆ ಎರಡು ಷರತ್ತು. ಕನಿಷ್ಠವನ್ನು ಅದರಿಂದ ಗುಣಿಸಿ ಜ್ಯೇಷ್ಠ ಕೂಡಿದರೆ ಕ್ಷೇಪದಿಂದ ನಿಶ್ಶೇಷವಾಗಿ ಭಾಗ ಆಗಬೇಕು. ಹಾಗೆ ಭಾಗ ಆಗುವ ಗುಣಕಗಳಲ್ಲಿ ಯಾವುದರ ವರ್ಗ 61ಕ್ಕೆ ಅತಿ ಹತ್ತಿರವೋ ಅದನ್ನು ಆರಿಸಬೇಕು. ಇಲ್ಲಿ ಗುಣಕಕ್ಕೆ 8 ಕೂಡಿ 3ರಿಂದ ಭಾಗಿಸಬೇಕು.

ಆಡಿಟರ್: 1, 4, 7, 10 ಆಗುತ್ತೆ. 7ರ ವರ್ಗ 49, 12 ದೂರ. 10ರದ್ದು 100, 39 ದೂರ. ಹಾಗಾದರೆ 7.

ಮೇಷ್ಟ್ರು: ಭೇಷ್. ಎಂಟಕ್ಕೆ ಏಳು ಕೂಡಿ ಮೂರರಿಂದ ಭಾಗಿಸಿದರೆ 5, ಅದು ಹೊಸ ಕನಿಷ್ಠ. 49ರಲ್ಲಿ 61 ಕಳೆದರೆ ಋಣ 12, ಮೂರರಿಂದ ಭಾಗಿಸಿದರೆ ಋಣ 4, ಹೊಸ ಕ್ಷೇಪ. ಹೊಸ ಜ್ಯೇಷ್ಠಕ್ಕೆ ಎಂಟೇಳ್ಲ 56, ಅದಕ್ಕೆ 61 ಸೇರಿ 117, ಮೂರರಿಂದ ಭಾಗಿಸಿದರೆ 39. ಸರಿ ನೋಡು: 39ರ ವರ್ಗ 1521. ಐದರ ವರ್ಗ 25ನ್ನು 61ರಿಂದ ಗುಣಿಸಿದರೆ 1525. ವ್ಯತ್ಯಾಸ ಋಣ 4. ಇದೇ ಕ್ರಮವನ್ನು ಮತ್ತೆ ಮತ್ತೆ ಮಾಡೋದು ಚಕ್ರವಾಳ.

ಆಡಿಟರ್: ಸುತ್ತುತ್ತಾ ಇದ್ದರೆ 1 ಬರುತ್ತೆ ಅನ್ನೋ ಖಾತ್ರಿ ಏನು?

ಮೇಷ್ಟ್ರು: ಒಳ್ಳೇ ಪ್ರಶ್ನೆ, ಅದನ್ನು ಜೇಬಲ್ಲಿಟ್ಟುಕೊಂಡಿರು, ಹೇಳ್ತೀನಿ. ಮೊದಲು ಈ ದಾರಿ ಪೂರಾ ನಡೆದರೆ ಏನು ಕಾಣುತ್ತೆ ನೋಡು. ಕ್ಷೇಪಗಳು ಹೀಗೆ ಬರ್ತವೆ: 3, −4, −5, 5, 4, −3, −1. ಗುಣಕಗಳು: 7, 9, 6, 9, 7, 8.

ಆಡಿಟರ್: 7, 9, 6, 9, 7. ಹಿಂದಿನಿಂದ ಓದಿದರೂ ಅದೇ! ಕೊನೇ ಎಂಟೊಂದು ಹೊರಗೆ.

ಮೇಷ್ಟ್ರು: ನಡುವೆ ಏನಿದೆ? ಗುಣಕ 6, ಅದರ ಎರಡು ಕಡೆ ಕ್ಷೇಪ −5, 5. ಐದರ ವರ್ಗ 25, ಆರರ ವರ್ಗ 36. ಕೂಡು.

ಆಡಿಟರ್: 61.

ಮೇಷ್ಟ್ರು: 61 ಅವಿಭಾಜ್ಯ, 4ರಿಂದ ಭಾಗಿಸಿದರೆ 1 ಉಳಿಯುತ್ತೆ. ಅಂಥ ಅವಿಭಾಜ್ಯ ಯಾವುದೇ ಆಗಲಿ, ಎರಡು ವರ್ಗಗಳ ಮೊತ್ತ ಆಗಿರಲೇಬೇಕು, ಮತ್ತು ಅದು ಒಂದೇ ರೀತಿಯಲ್ಲಿ. 61 ತಾನು ಯಾವ ಎರಡು ವರ್ಗಗಳಿಂದ ಕಟ್ಟಿಕೊಂಡಿದ್ದೇನೆ ಅನ್ನೋದನ್ನು ಯಾರೂ ಕೇಳದಿದ್ದರೂ ದಾರಿ ಮಧ್ಯೆ ಬಿಚ್ಚಿಟ್ಟಿದೆ. ನನಗೆ ಆ ಹತ್ತಂಕಿಗಿಂತ ಇದರ ಮೇಲೇ ಪ್ರೀತಿ ಜಾಸ್ತಿ.

ಆಡಿಟರ್: ಭಾಸ್ಕರರೂ ಇಷ್ಟೂ ಸುತ್ತು ಸುತ್ತಿದರಾ?

ಮೇಷ್ಟ್ರು: ಇಲ್ಲ. −4 ಕಂಡ ಕೂಡಲೇ ಒಳದಾರಿ ಹಿಡಿದರು. ಆ ಒಳದಾರಿ ಬ್ರಹ್ಮಗುಪ್ತರದ್ದು, 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿದೆ. ಹೆಸರು ಭಾವನಾ. ಎರಡು ಉತ್ತರಗಳನ್ನು ಬೆಸೆದು ಮೂರನೆಯದನ್ನು ಹುಟ್ಟಿಸೋದು. ಜ್ಯೇಷ್ಠವನ್ನು ಜ್ಯೇಷ್ಠದಿಂದ ಗುಣಿಸು. ಕನಿಷ್ಠವನ್ನು ಕನಿಷ್ಠದಿಂದ ಗುಣಿಸಿ 61 ಪಟ್ಟು ಮಾಡು. ಎರಡನ್ನೂ ಕೂಡಿದರೆ ಹೊಸ ಜ್ಯೇಷ್ಠ. ಒಂದರ ಜ್ಯೇಷ್ಠವನ್ನು ಇನ್ನೊಂದರ ಕನಿಷ್ಠದಿಂದ ಅಡ್ಡಡ್ಡ ಗುಣಿಸಿ ಕೂಡಿದರೆ ಹೊಸ ಕನಿಷ್ಠ. ಕ್ಷೇಪಗಳು ಒಂದಕ್ಕೊಂದು ಗುಣಿಸಿಕೊಳ್ತವೆ.

ಆಡಿಟರ್: ಅಂದರೆ −1ನ್ನು −1ರ ಜೊತೆ ಬೆಸೆದರೆ 1.

ಮೇಷ್ಟ್ರು: ಅಲ್ಲೇ ಇರೋದು ಕೀಲಿ. 39, 5, −4 ಇದೆಯಲ್ಲ, ಮೊದಲ ಎರಡನ್ನು ಅರ್ಧ ಮಾಡಿದರೆ ಕ್ಷೇಪ ಕಾಲು ಭಾಗವಾಗಿ −1 ಆಗುತ್ತೆ. ಆದರೆ ಹತ್ತೊಂಬತ್ತೂವರೆ, ಎರಡೂವರೆ ಅಂತ ಭಿನ್ನರಾಶಿ ಬಂತು. ಆಗಲಿ. ಅದನ್ನು ಅದರ ಜೊತೆಗೇ ಬೆಸೆ: ಜ್ಯೇಷ್ಠ 1523ರ ಅರ್ಧ, ಕನಿಷ್ಠ 195ರ ಅರ್ಧ, ಕ್ಷೇಪ 1. ಇದನ್ನು ಮತ್ತೆ ಹತ್ತೊಂಬತ್ತೂವರೆಯ ಜೊತೆ ಬೆಸೆದರೆ ಅರ್ಧಗಳು ಮಾಯ: ಜ್ಯೇಷ್ಠ 29718, ಕನಿಷ್ಠ 3805, ಕ್ಷೇಪ −1. ಇದನ್ನು ಇನ್ನೊಮ್ಮೆ ತನ್ನ ಜೊತೆಗೇ ಬೆಸೆ. ಕನಿಷ್ಠ 226153980, ಜ್ಯೇಷ್ಠ 1766319049, ಕ್ಷೇಪ 1. ಚಕ್ರ ಒಂದು ಸುತ್ತು, ಬೆಸುಗೆ ಮೂರು. ಮುಗೀತು.

ಆಡಿಟರ್: ಏಳು ವರ್ಷದ ಹುಡುಕಾಟ ಇಷ್ಟರಲ್ಲಿ!

ಮೇಷ್ಟ್ರು: ಒಳದಾರಿ ಬಿಟ್ಟು ಚಕ್ರವಾಳವನ್ನೇ ನಂಬಿ ನಡೆದರೂ 14 ಹೆಜ್ಜೆ. ಯುರೋಪಿನವರ ಸಾಮಾನ್ಯ ಸತತ ಭಿನ್ನರಾಶಿಯ ದಾರಿಯಲ್ಲಿ 22. ಈಗ ಆ ದೊಡ್ಡ ಸಂಖ್ಯೆಯ ಅಕ್ಕಪಕ್ಕ ಇಣುಕಿ ನೋಡು. ಒಂದು ಕಳೆದರೆ 1766319048. ಅದು 29718ರ ವರ್ಗದ ಸರಿಯಾಗಿ ಎರಡರಷ್ಟು. ಒಂದು ಕೂಡಿದರೆ 1766319050. ಅದು 3805ರ ವರ್ಗದ ಸರಿಯಾಗಿ 122 ಪಟ್ಟು. 122 ಅಂದರೆ 61ರ ಇಮ್ಮಡಿ. ಈ ಎರಡರ ನಡುವೆ ಸಿಗಿಸಿಟ್ಟ ಸಂಖ್ಯೆ ಅದು, ಅತ್ತಿತ್ತ ಅಲ್ಲಾಡೋ ಹಾಗಿಲ್ಲ.

ಆಡಿಟರ್: ಅದೂ ಅವಿಭಾಜ್ಯವಾ?

ಮೇಷ್ಟ್ರು: ಅಲ್ಲ. 11, 59, 1523, 1787 ಈ ನಾಲ್ಕರ ಗುಣಲಬ್ಧ. 1523 ನೆನಪಿದೆಯಾ? ಈಗ ಅರ್ಧ ಮಾಡಿದ್ದೆವಲ್ಲ, ದಾರಿಯ ನಡುವೆ ಸಿಕ್ಕ ಜ್ಯೇಷ್ಠ. ಅದು ಕೊನೆಯ ಉತ್ತರದ ಅಪವರ್ತನವಾಗಿ ಕೂತಿದೆ, ಆಕಸ್ಮಿಕ ಅಲ್ಲ. ಮತ್ತೊಂದು: ಜ್ಯೇಷ್ಠವನ್ನು ಕನಿಷ್ಠದಿಂದ ಭಾಗಿಸಿದರೆ 61ರ ವರ್ಗಮೂಲ 7.81024967590665439 ಬರುತ್ತೆ, ಹದಿನೇಳು ದಶಮಾಂಶ ಸ್ಥಾನದವರೆಗೆ ಸರಿ.

ಆಡಿಟರ್: ಈಗ ಜೇಬಲ್ಲಿಟ್ಟ ಪ್ರಶ್ನೆ. ಯಾವಾಗಲೂ 1 ಬಂದೇ ಬರುತ್ತೆ ಅಂತ ಭಾಸ್ಕರರು ಸಾಧಿಸಿದರಾ?

ಮೇಷ್ಟ್ರು: ವಿಧಾನ ಕೊಟ್ಟರು, ಉದಾಹರಣೆ ಕೊಟ್ಟರು. ಸಾಧನೆ ಅವರ ಗ್ರಂಥದಲ್ಲಿಲ್ಲ. ಪೂರ್ಣವರ್ಗವಲ್ಲದ ಯಾವ ಸಂಖ್ಯೆಗೂ ಉತ್ತರ ಇದ್ದೇ ಇರುತ್ತೆ ಅಂತ ಸಾಧಿಸಿ ತೋರಿಸಿದವನು ಲಗ್ರಾಂಜ್, 1768ರ ಸುಮಾರಿಗೆ. ಅದನ್ನು ಮುಚ್ಚಿಟ್ಟು ಎಲ್ಲಾ ನಮ್ಮದೇ ಅಂತ ಎದೆ ತಟ್ಟಿಕೊಳ್ಳೋರನ್ನು ಕಂಡರೆ ನನಗೆ ಆಗಲ್ಲ. ಹಾಗೇ ಆ ಕಡೆಯವರ ಅನ್ಯಾಯವೂ ಇದೆ. ಫರ್ಮಾನ ಸವಾಲಿಗೆ ದಾರಿ ಕಂಡುಹಿಡಿದವನು ಇಂಗ್ಲೆಂಡಿನ ಬ್ರೌಂಕರ್. ಆಯ್ಲರ್ ಅದನ್ನು ಪೆಲ್ ಅನ್ನೋನ ತಲೆಗೆ ಕಟ್ಟಿದ. ಬಿಡಿಸುವುದರಲ್ಲಿ ಪೆಲ್ಲನ ಪಾತ್ರ ಏನೂ ಇಲ್ಲ, ಆದರೂ ಇವತ್ತಿಗೂ ಪುಸ್ತಕಗಳಲ್ಲಿ ಅದು ಪೆಲ್ ಸಮೀಕರಣ.

ಆಡಿಟರ್: ಚಕ್ರವಾಳವಾದರೂ ಭಾಸ್ಕರರದ್ದೇ ತಾನೇ?

ಮೇಷ್ಟ್ರು: ಅದೂ ಪೂರ್ತಿ ಅಲ್ಲ. 1073ರ ಒಂದು ವ್ಯಾಖ್ಯಾನದಲ್ಲಿ ಉದಯದಿವಾಕರ ಎಂಬಾತ ಜಯದೇವ ಅನ್ನೋ ಗಣಿತಜ್ಞನ ಶ್ಲೋಕಗಳನ್ನು ಉದ್ಧರಿಸಿದ್ದಾನೆ, ಅದರಲ್ಲೇ ಚಕ್ರವಾಳ ಇದೆ. 1954ರಲ್ಲಿ ಕೃಪಾಶಂಕರ ಶುಕ್ಲ ಅದನ್ನು ಬೆಳಕಿಗೆ ತಂದರು. ಭಾಸ್ಕರರ ಊರು ವಿಜ್ಜಡವಿಡ ನಮ್ಮ ವಿಜಯಪುರವೋ ಮಹಾರಾಷ್ಟ್ರದ ಪಾಟಣದ ಹತ್ತಿರವೋ ಅಂತ ಜಗಳ ಆಡ್ತೀವಿ. ಆಡೋಣ. ಮೈಸೂರಿನಲ್ಲೇ ಕೂತು ಈ ಲೆಕ್ಕಕ್ಕೆ ಜೀವ ತುಂಬಿದವರ ಹೆಸರು ಮಾತ್ರ ನಮ್ಮಲ್ಲಿ ಹತ್ತು ಜನಕ್ಕೂ ಗೊತ್ತಿಲ್ಲ.

ಆಡಿಟರ್: ಯಾರು ಸಾರ್?

ಮೇಷ್ಟ್ರು: ಎ.ಎ. ಕೃಷ್ಣಸ್ವಾಮಿ ಅಯ್ಯಂಗಾರ್. ಮಹಾರಾಜಾ ಕಾಲೇಜಿನಲ್ಲಿ ಗಣಿತ ಕಲಿಸ್ತಿದ್ದರು. ಕವಿ ಎ.ಕೆ. ರಾಮಾನುಜನ್ ಅವರ ತಂದೆ. ಮಗನ ಹೆಸರು ಹೇಳಿದರೆ ನಿನಗೂ ಗೊತ್ತು. 1929–30ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಅಯ್ಯಂಗಾರರು ಒಂದು ಲೇಖನ ಬರೆದರು. ನೀನು ಕೇಳಿದ ಪ್ರಶ್ನೆಗೇ ಉತ್ತರ ಅದು: ಚಕ್ರವಾಳ ಎಲ್ಲೂ ದಾರಿ ತಪ್ಪದೆ 1ಕ್ಕೆ ಬಂದು ಮುಟ್ಟುತ್ತೆ ಅಂತ ಸಾಧಿಸಿದರು. ಅದು ಲಗ್ರಾಂಜನ ವಿಧಾನದ ನಕಲೂ ಅಲ್ಲ, ಅದರ ಒರಟು ರೂಪವೂ ಅಲ್ಲ, ತನ್ನದೇ ಬೇರೆ ಬಗೆಯ ಸತತ ಭಿನ್ನರಾಶಿ ಅಂತ ತೋರಿಸಿದರು. ಭಾಸ್ಕರರಿಂದ 780 ವರ್ಷದ ಮೇಲೆ ಆ ಬಾಕಿ ತೀರಿದ್ದು ಮೈಸೂರಿನಲ್ಲಿ.

ಆಡಿಟರ್: ನನ್ನ ಕೆಲಸದ ಪ್ರಶ್ನೆ ಕೇಳಲೇಬೇಕು. ಇದರಿಂದ ಉಪಯೋಗ?

ಮೇಷ್ಟ್ರು: 2002ರಲ್ಲಿ ಹಾಲ್‌ಗ್ರೆನ್ ಅನ್ನೋ ವಿಜ್ಞಾನಿ, ಕ್ವಾಂಟಂ ಕಂಪ್ಯೂಟರ್ ಇದ್ದರೆ ಈ ಸಮೀಕರಣವನ್ನು ಬೇಗ ಬಿಡಿಸಬಹುದು ಅಂತ ತೋರಿಸಿದ. ಸಾಮಾನ್ಯ ಕಂಪ್ಯೂಟರಿಗೆ ಅಷ್ಟು ವೇಗದ ದಾರಿ ಇನ್ನೂ ತಿಳಿದಿಲ್ಲ. ಉಪಯೋಗದ ಮಾತು ಅಷ್ಟಕ್ಕೆ ಬಿಡು. ಗಾತ್ರ ನೋಡಿ ಬೆರಗಾಗೋದಾದರೆ ಇದು ಪುಡಿ ಸಂಖ್ಯೆ. ಆರ್ಕಿಮಿಡೀಸನ ಹೆಸರಲ್ಲಿ ಒಂದು ದನಗಳ ಲೆಕ್ಕ ಇದೆ, 1773ರಲ್ಲಿ ಲೆಸಿಂಗ್ ಜರ್ಮನಿಯ ಒಂದು ಗ್ರಂಥಾಲಯದ ಹಸ್ತಪ್ರತಿಯಿಂದ ತೆಗೆದು ಅಚ್ಚು ಹಾಕಿಸಿದ್ದು. ಬಿಡಿಸ್ತಾ ಹೋದರೆ ಇದೇ ಬಗೆಯ ಸಮೀಕರಣಕ್ಕೆ ಬಂದು ನಿಲ್ಲುತ್ತೆ. ಅಲ್ಲಿ 61ರ ಜಾಗದಲ್ಲಿ 4729494. ಹಿಂಡಿನ ದನಗಳ ಸಂಖ್ಯೆಗೆ ಕಡಿಮೆಯೆಂದರೆ 206545 ಅಂಕಿ. ಪೂರ್ತಿ ಲೆಕ್ಕ ಹಾಕಿದ್ದು 1965ರಲ್ಲಿ, ಕೆನಡಾದಲ್ಲಿ, ಕಂಪ್ಯೂಟರ್ ಇಟ್ಟುಕೊಂಡು.

ಆಡಿಟರ್: ಅದರ ಮುಂದೆ ಇದೇನು, ಹತ್ತೇ ಅಂಕಿ.

ಮೇಷ್ಟ್ರು: ಅಂಕಿ ಸೇರಿಸೋದು ಯಾರಿಗೂ ಬರುತ್ತೆ. ಇದೇ 61ಕ್ಕೆ ಮುಂದಿನ ಜ್ಯೇಷ್ಠ 6239765965720528801, ಅದರ ಮುಂದಿನದು ಇನ್ನೂ ದೊಡ್ಡದು, ಕೊನೆಯೇ ಇಲ್ಲ. ಭಾವನಾ ಮಾಡ್ತಾ ಕೂತರೆ ಸಂಜೆಯೊಳಗೆ ಬೇಕಾದಷ್ಟು ಬರುತ್ತೆ, ಅವುಗಳಿಗೆ ಯಾರೂ ಮರ್ಯಾದೆ ಕೊಡಲ್ಲ. 1766319049ಕ್ಕೆ ಇರೋ ಮರ್ಯಾದೆ ಅದು ಆ ಸಾಲಿನಲ್ಲಿ ಎಲ್ಲಕ್ಕಿಂತ ಚಿಕ್ಕದು ಅನ್ನೋದಕ್ಕೆ. ಉಳಿದವೆಲ್ಲ ಅದರ ಸಂತಾನ.

ಆಡಿಟರ್: ಫರ್ಮಾನ ಇನ್ನೊಂದು ಸಂಖ್ಯೆ, 109, ಅದನ್ನೂ ಹೀಗೇ ಬಿಡಿಸಬಹುದಾ?

ಮೇಷ್ಟ್ರು: ಅದು ನಿನ್ನ ಮನೆಗೆಲಸ. ಕನಿಷ್ಠ 1, ಜ್ಯೇಷ್ಠ 10, ಕ್ಷೇಪ −9 ಇಟ್ಟುಕೊಂಡು ಶುರು ಮಾಡು. ಮೂರು ಸುತ್ತಿಗೆ ಕ್ಷೇಪ −4 ಬರುತ್ತೆ, ಅಲ್ಲಿಂದ ಅದೇ ಮೂರು ಬೆಸುಗೆ. ಜ್ಯೇಷ್ಠಕ್ಕೆ ಹದಿನೈದು ಅಂಕಿ ಬರಬೇಕು, ಮೊದಲ ಮೂರು 158, ಕೊನೆಯ ಮೂರು 249. ಬರದಿದ್ದರೆ ಎರಡನೇ ಸುತ್ತಿನ ಗುಣಕ ಮತ್ತೊಮ್ಮೆ ನೋಡು. ಅಲ್ಲಿ 7 ಹಾಕಿ ಕೆಡಿಸಿಕೊಳ್ಳೋರೇ ಜಾಸ್ತಿ, ಹಾಕಬೇಕಾದ್ದು 12.